ಹಾಲಿಗೆ ಅಡ್ಡಿಯಾಗುವುದು ಮದ್ದೋ, ನೋವೋ?

ಸಿಸೇರಿಯನ್ ಆದ ಮೊದಲ ರಾತ್ರಿ ಕಲಬುರಗಿ ಭಾಗದ ಹೆರಿಗೆ ವಾರ್ಡುಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ‘ಬೆನ್ನಿಗೆ ಕೊಟ್ಟ ಮದ್ದು ಇನ್ನೂ ಮೈಯಲ್ಲಿದೆ, ಈಗಲೇ ಕೂಸಿಗೆ ಮೊಲೆ ಕೊಡಬೇಡ’ ಎಂಬುದು ಒಂದು. ‘ನೋವಿನ ಗುಳಿಗೆ ಬಹಳ ನುಂಗಬೇಡ, ಹಾಲಿಗೆ ಇಳಿಯುತ್ತದೆ, ಸ್ವಲ್ಪ ತಡೆದುಕೋ’ ಎಂಬುದು ಇನ್ನೊಂದು. ಹೇಳುವವರು ಅವ್ವ, ಅತ್ತೆ, ಅಕ್ಕ, ಪಕ್ಕದ ಮಂಚದ ಬಾಣಂತಿಯ ಆಯಿ. ಕೂಸಿನ ಮೇಲಿನ ಕಕ್ಕುಲಾತಿಯಿಂದಲೇ ಹೇಳುತ್ತಾರೆ. ಆದರೆ ಈ ಎರಡು ಮಾತು ಕೂಡಿದಾಗ ಬಾಣಂತಿ ಹಲ್ಲು ಕಚ್ಚಿ ನೋವು ನುಂಗುತ್ತಾಳೆ, ಕೂಸಿನ ಬಾಯಿಗೆ ಸಕ್ಕರೆ ನೀರೋ ಡಬ್ಬಿ ಹಾಲೋ ಬೀಳುತ್ತದೆ. ಮೂರನೆಯ ದಿನ ‘ಇವಳಿಗೆ ಹಾಲೇ ಇಲ್ಲ’ ಎಂಬ ತೀರ್ಪು ಹೊರಬೀಳುತ್ತದೆ.

ಆ ತೀರ್ಪು ಬಹಳಷ್ಟು ಸಲ ತಪ್ಪಾಗಿರುತ್ತದೆ ಎಂಬುದು ನನ್ನ ವಾದ. ಸಿಸೇರಿಯನ್‌ಗೆ ಇಂದು ಸಾಮಾನ್ಯವಾಗಿ ಬಳಸುವ ಅರಿವಳಿಕೆ ಮತ್ತು ನೋವುನಿವಾರಕಗಳಲ್ಲಿ ಹೆಚ್ಚಿನವು ಎದೆಹಾಲಿಗೆ ಸೇರುವುದು ಕೂಸಿಗೆ ಕೇಡಾಗದಷ್ಟು ಸಣ್ಣ ಪ್ರಮಾಣದಲ್ಲಿ. ಕೇಡು ಬರುವುದು ಹತ್ತಿಕ್ಕಿದ ನೋವಿನಿಂದ, ತಡವಾದ ಮೊದಲ ಹಾಲಿನಿಂದ, ತಾಯಿ ಒಂದು ಕಡೆ ಮಗು ಒಂದು ಕಡೆ ಮಲಗಿದ ಮೊದಲ ತಾಸುಗಳಿಂದ. ನಾವು ಹೆದರಬೇಕಾದದ್ದಕ್ಕೆ ಹೆದರುತ್ತಿಲ್ಲ, ಹೆದರಬೇಕಿಲ್ಲದ್ದಕ್ಕೆ ಹೆದರುತ್ತಿದ್ದೇವೆ.

ಇದು ನಾಲ್ಕಾರು ಮನೆಗಳ ಸಂಗತಿಯಾಗಿ ಉಳಿದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2015–16ರಲ್ಲಿ ಶೇ 23.6ರಷ್ಟಿದ್ದ ಸಿಸೇರಿಯನ್ ಹೆರಿಗೆಗಳು 2019–21ರ ಸುತ್ತಿಗೆ ಬರುವಾಗ ಶೇ 31.5ಕ್ಕೆ ಏರಿದವು. ಅದೇ ಸುತ್ತಿನಲ್ಲಿ ದೇಶದ ಸರಾಸರಿ ಶೇ 21.5. ಆ ಸುತ್ತಿನ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ: ದೇಶದ ಹೆರಿಗೆಗಳಲ್ಲಿ ಶೇ 88.6ರಷ್ಟು ಆಸ್ಪತ್ರೆಗಳಲ್ಲೇ ಆಗುತ್ತಿದ್ದರೂ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಸಿಕ್ಕ ಮಕ್ಕಳು ಶೇ 41.8 ಮಾತ್ರ. ಹಳ್ಳಿಯ ಮೂಢನಂಬಿಕೆಯ ಮೇಲೆ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳಲು ಈ ಅಂಕಿ ಬಿಡುವುದಿಲ್ಲ. ಆ ಮೊದಲ ಗಂಟೆ ತಪ್ಪುತ್ತಿರುವುದು ವೈದ್ಯರು, ದಾದಿಯರು, ಗೋಡೆಯ ಮೇಲೆ ಎದೆಹಾಲಿನ ಪೋಸ್ಟರ್ ಇರುವ ಆಸ್ಪತ್ರೆಗಳ ಒಳಗೇ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮಟ್ಟಿಗೆ ಆಸ್ಪತ್ರೆ ಹತ್ತಿರ ಬಂದಿರುವುದು ದೊಡ್ಡ ಬದಲಾವಣೆ. ಹೊಟ್ಟೆ ಕೊಯ್ಯಬೇಕು ಎಂದಾಗ ಸೊಲ್ಲಾಪುರವೋ ಹೈದರಾಬಾದೋ ಎಂದು ಗಾಡಿ ಹುಡುಕುತ್ತಿದ್ದ ಕಾಲವಿತ್ತು. ಈಗ ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಯಾದಗಿರಿಗೂ ಅಂಥದ್ದೊಂದು ಬಂದಿದೆ. ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತಿದೆ. ಅದಾದ ಮೇಲಿನ ಎರಡು ದಿನಗಳನ್ನು ಹೇಗೆ ನಿಭಾಯಿಸಬೇಕು ಎಂಬ ತಿಳಿವಳಿಕೆ ಮಾತ್ರ ಅದೇ ವೇಗದಲ್ಲಿ ಬಂದಿಲ್ಲ.

ಬೆನ್ನಿನ ಸೂಜಿಯಲ್ಲಿ ಇರುವುದೇನು?

ಸಿಸೇರಿಯನ್‌ಗಳಲ್ಲಿ ಬಹುಪಾಲು ನಡೆಯುವುದು ಬೆನ್ನುಹುರಿ ಅರಿವಳಿಕೆಯಲ್ಲಿ, ಅಂದರೆ ‘ಸ್ಪೈನಲ್’ನಲ್ಲಿ. ಸೊಂಟದ ಹತ್ತಿರ ಬೆನ್ನೆಲುಬಿನ ಸಂದಿನಲ್ಲಿ ಸಣ್ಣ ಸೂಜಿ ಇಳಿಸಿ, ನರಗಳ ಸುತ್ತಲಿನ ದ್ರವಕ್ಕೆ ಬುಪಿವಕೇನ್ ಎಂಬ ಮದ್ದನ್ನು ಸುಮಾರು 2 ಮಿಲಿಲೀಟರ್‌ನಷ್ಟು ಬಿಡುತ್ತಾರೆ. ಅದರಲ್ಲಿ ಇರುವ ಮದ್ದಿನ ತೂಕ 10 ಮಿಲಿಗ್ರಾಂನ ಆಸುಪಾಸು. ನೇರವಾಗಿ ನರಕ್ಕೇ ತಾಗುವುದರಿಂದ ಇಷ್ಟು ಸಾಕಾಗುತ್ತದೆ. ಅಲ್ಲಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ರಕ್ತದಲ್ಲಿ ಅದು ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಳ್ಳುವುದರಿಂದ ಹಾಲಿಗೆ ದಾಟುವುದು ಇನ್ನೂ ಕಡಿಮೆ. ಹಾಲಿನ ಮೂಲಕ ಕೂಸಿನ ಹೊಟ್ಟೆಗೆ ಹೋದರೂ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳುವುದಿಲ್ಲ. ಹೀಗೆ ಮೂರು ಬಾಗಿಲು ದಾಟುವಷ್ಟರಲ್ಲಿ ಲೆಕ್ಕಕ್ಕೆ ಸಿಗುವಂಥದ್ದು ಏನೂ ಉಳಿದಿರುವುದಿಲ್ಲ.

ಹಾಗಾದರೆ ಎಷ್ಟು ಹೊತ್ತು ಕಾಯಬೇಕು? ಕಾಯಲೇಬೇಕಿಲ್ಲ. ಸ್ಪೈನಲ್‌ನಲ್ಲಿ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಕಾಲು ಜೋಮು ಹಿಡಿದಿದ್ದರೂ ಕೈ, ಎದೆ, ಮಾತು ಎಲ್ಲವೂ ಅವಳ ಹಿಡಿತದಲ್ಲಿರುತ್ತವೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಿದ ಶಸ್ತ್ರಚಿಕಿತ್ಸೆಯಾದರೂ, ತಾಯಿ ಚೆನ್ನಾಗಿ ಎಚ್ಚರಗೊಂಡು ಕೂಸನ್ನು ಹಿಡಿದುಕೊಳ್ಳುವಷ್ಟು ಸುಧಾರಿಸಿದ ಕೂಡಲೇ ಹಾಲುಣಿಸಬಹುದು. ಆ ಮದ್ದುಗಳು ದೇಹದಲ್ಲಿ ಬೇಗ ಹಂಚಿಹೋಗುವಂಥವು. ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿದೆ: ಅರಿವಳಿಕೆ ಕೊಟ್ಟರೆಂಬ ಕಾರಣಕ್ಕೆ ಹಾಲು ಹಿಂಡಿ ಚೆಲ್ಲುವ ಅಗತ್ಯವಿಲ್ಲ. ನಮ್ಮಲ್ಲಿ ಈಗಲೂ ಮೊದಲ ಗಿಣ್ಣದ ಹಾಲನ್ನು ‘ಮದ್ದಿನ ಹಾಲು’ ಎಂದು ಬಟ್ಟೆಗೆ ಹಿಂಡಿ ಎಸೆಯುವವರಿದ್ದಾರೆ. ಹಳದಿ ಬಣ್ಣದ, ದಪ್ಪನೆಯ ಆ ಕೆಲವು ಹನಿಗಳು ಕೂಸಿಗೆ ಸಿಗುವ ಮೊದಲ ರೋಗನಿರೋಧಕ. ಅದನ್ನು ಎಸೆಯುವುದನ್ನು ಕಂಡಾಗ ಸಿಟ್ಟಿಗಿಂತ ಸಂಕಟವಾಗುತ್ತದೆ. ಯಾರೂ ಅವರಿಗೆ ಕೂತು ಹೇಳಿಲ್ಲವಲ್ಲ ಎಂದು.

ಸ್ಪೈನಲ್ ಬಗ್ಗೆ ಇನ್ನೊಂದು ಕಟ್ಟಳೆ ಹಾಲಿಗೆ ನೇರವಾಗಿ ಅಡ್ಡಬರುತ್ತದೆ: ‘ಇಪ್ಪತ್ತನಾಲ್ಕು ಗಂಟೆ ತಲೆ ಎತ್ತಬೇಡ, ದಿಂಬು ಇಡಬೇಡ, ತಲೆನೋವು ಬರುತ್ತದೆ.’ ಬೆನ್ನಿನ ಸೂಜಿಯ ನಂತರ ಕೆಲವರಿಗೆ ತೀವ್ರ ತಲೆನೋವು ಬರುವುದು ನಿಜ. ಆದರೆ ಅಂಗಾತ ಮಲಗಿದ್ದರೆ ಅದು ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಅದು ಕಡಿಮೆಯಾದದ್ದು ಸೂಜಿಗಳು ಸಪೂರವಾದ ಮೇಲೆ, ಅವುಗಳ ತುದಿಯ ಆಕಾರ ಬದಲಾದ ಮೇಲೆ. ಅಂಗಾತ ಮಲಗಿದವಳು ಹಾಲು ಕುಡಿಸುವುದಾದರೂ ಹೇಗೆ? ಮಗ್ಗುಲಾಗಿ, ತಲೆಯ ಕೆಳಗೊಂದು ದಿಂಬು, ಬೆನ್ನಿಗೊಂದು ಮಡಚಿದ ಕೌದಿ ಕೊಟ್ಟರೆ ಮೊದಲ ತಾಸಿನಲ್ಲೇ ಕೂಸು ಮೊಲೆ ಹಿಡಿಯಬಲ್ಲದು.

ಗುಳಿಗೆಗಳ ಲೆಕ್ಕ

ಮದ್ದು ಹಾಲಿಗೆ ಇಳಿಯುತ್ತದೆಯೇ ಎಂದರೆ, ಇಳಿಯುತ್ತದೆ. ಬಹುತೇಕ ಎಲ್ಲ ಮದ್ದುಗಳೂ ಒಂದಿಷ್ಟು ಇಳಿಯುತ್ತವೆ. ಎಷ್ಟು ಇಳಿಯುತ್ತದೆ ಎಂಬುದೇ ಪ್ರಶ್ನೆ. ವೈದ್ಯರು ಇದಕ್ಕೊಂದು ಅಳತೆ ಇಟ್ಟುಕೊಂಡಿದ್ದಾರೆ. ತಾಯಿಯ ತೂಕಕ್ಕೆ ತಕ್ಕಂತೆ ಅವಳು ತೆಗೆದುಕೊಂಡ ಪ್ರಮಾಣವನ್ನೂ, ಕೂಸಿನ ತೂಕಕ್ಕೆ ತಕ್ಕಂತೆ ಹಾಲಿನ ಮೂಲಕ ಅದಕ್ಕೆ ಸಿಗುವ ಪ್ರಮಾಣವನ್ನೂ ಹೋಲಿಸುತ್ತಾರೆ; ಕೂಸಿಗೆ ಸಿಗುವುದು ತಾಯಿಯದರ ಶೇ 10ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲವೆಂದು ಎಣಿಸುತ್ತಾರೆ. ಐಬುಪ್ರೊಫೆನ್‌ನಲ್ಲಿ ಇದು ಶೇ 1ನ್ನೂ ಮುಟ್ಟುವುದಿಲ್ಲ. ಪ್ಯಾರಾಸಿಟಮಾಲ್ ಅದಕ್ಕಿಂತ ಹೆಚ್ಚು ಇಳಿದರೂ, ಜ್ವರ ಬಂದಾಗ ಕೂಸಿಗೆ ನೇರವಾಗಿ ಕೊಡುವ ಪ್ರಮಾಣಕ್ಕಿಂತ ಬಹಳ ಕಡಿಮೆ. ವಾರ್ಡುಗಳಲ್ಲಿ ಸೂಜಿಯಾಗಿ, ಗುದದ್ವಾರದಲ್ಲಿ ಇಡುವ ಗುಳಿಗೆಯಾಗಿ ಬಳಕೆಯಲ್ಲಿರುವ ಡೈಕ್ಲೋಫೆನಾಕ್ ಕೂಡ ಹಾಲಿಗೆ ಸೇರುವುದು ಅತ್ಯಲ್ಪ.

ಇದಕ್ಕೆ ಇನ್ನೊಂದು ಸಂಗತಿಯನ್ನೂ ಸೇರಿಸಿಕೊಳ್ಳಿ. ಮೊದಲ ದಿನ ಕೂಸು ಒಂದು ಸಲಕ್ಕೆ ಕುಡಿಯುವುದೇ 2ರಿಂದ 10 ಮಿಲಿಲೀಟರ್. ನೋವುನಿವಾರಕ ಅತಿ ಹೆಚ್ಚು ಬೇಕಾಗುವ ದಿನವೇ ಹಾಲಿನ ಪ್ರಮಾಣ ಅತಿ ಕಡಿಮೆ ಇರುತ್ತದೆ. ಸಿಸೇರಿಯನ್‌ಗೆ ಕೊಡುವ ಸಾಮಾನ್ಯ ಆ್ಯಂಟಿಬಯಾಟಿಕ್ ಸೂಜಿಗಳ ಬಗ್ಗೆಯೂ ಇದೇ ಭಯವಿದೆ. ಅವುಗಳಿಗೂ ಹಾಲು ನಿಲ್ಲಿಸಬೇಕಿಲ್ಲ.

ಎಲ್ಲ ಮದ್ದುಗಳಿಗೂ ಇದೇ ಮಾತು ಹೇಳಲು ಬರುವುದಿಲ್ಲ. ಅಫೀಮಿನ ವರ್ಗಕ್ಕೆ ಸೇರಿದ ನೋವುನಿವಾರಕಗಳಲ್ಲಿ ಎಚ್ಚರ ಬೇಕು. 2005ರಲ್ಲಿ ಕೆನಡಾದ ಟೊರಾಂಟೊದಲ್ಲಿ ತಾಯಿ ಕೋಡೀನ್ ತೆಗೆದುಕೊಳ್ಳುತ್ತಿದ್ದಾಗ ಹದಿಮೂರು ದಿನದ ಹಸುಗೂಸು ತೀರಿಕೊಂಡಿತು. ಕೆಲವರ ದೇಹ ಕೋಡೀನನ್ನು ಅತಿ ವೇಗವಾಗಿ ಮಾರ್ಫಿನ್ ಆಗಿ ಮಾರ್ಪಡಿಸುತ್ತದೆ, ಅದು ಹಾಲಿನಲ್ಲಿ ಹೆಚ್ಚಾಗಿ ಸೇರಿತು ಎಂಬುದು ಮರುವರ್ಷ ಬಂದ ವಿವರಣೆ. ಆ ವಿವರಣೆಯನ್ನು ಮುಂದೆ ಹಲವು ತಜ್ಞರು ಪ್ರಶ್ನಿಸಿದ್ದಾರೆ. ಆದರೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರ ಏಪ್ರಿಲ್‌ನಲ್ಲಿ ಹಾಲುಣಿಸುವ ತಾಯಂದಿರಿಗೆ ಕೋಡೀನ್ ಮತ್ತು ಟ್ರಮಡಾಲ್ ಎರಡೂ ಬೇಡ ಎಂದು ಎಚ್ಚರಿಸಿತು. ಬ್ರಿಟನ್ನಿನ 2020ರ ಮಾರ್ಗಸೂಚಿ ಕೋಡೀನ್ ಬೇಡವೆಂದರೂ, ಟ್ರಮಡಾಲನ್ನು ಎಚ್ಚರಿಕೆಯಿಂದ, ಕಡಿಮೆ ಅವಧಿಗೆ ಬಳಸಬಹುದು ಎನ್ನುತ್ತದೆ.

ಟ್ರಮಡಾಲ್ ನಮ್ಮ ಕಡೆಯ ವಾರ್ಡುಗಳಲ್ಲಿ ಅಪರೂಪದ ಮದ್ದಲ್ಲ. ಒಂದೆರಡು ಸೂಜಿ ಕೊಟ್ಟರೆಂದು ಗಾಬರಿಯಾಗಿ ಕೂಸನ್ನು ಎದೆಯಿಂದ ಕೀಳುವ ಅಗತ್ಯವಿಲ್ಲ. ಅದೊಂದನ್ನೇ ನೆಚ್ಚಿ ದಿನಗಟ್ಟಲೆ ಕೊಡುವುದು ಮಾತ್ರ ಸರಿಯಲ್ಲ. ಅದೇ ವರ್ಗದ ಪೆಥಿಡಿನ್ ವಿಷಯದಲ್ಲಿ ನನ್ನ ನಿಲುವು ಇನ್ನೂ ಗಟ್ಟಿ. ದೇಹದಲ್ಲಿ ಅದು ಮಾರ್ಪಟ್ಟು ಹುಟ್ಟುವ ವಸ್ತುವನ್ನು ಹೊರಹಾಕಲು ಹಸುಗೂಸಿಗೆ ದಿನಗಳೇ ಬೇಕಾಗುತ್ತವೆ. ಹಾಲುಣಿಸುವ ತಾಯಿಗೆ ಅದನ್ನು ಮತ್ತೆ ಮತ್ತೆ ಕೊಡಬಾರದು. ನೋವಿನ ಮದ್ದಾದ ಪೆಂಟಾಜೋಸಿನ್ ಜೊತೆಗೆ ಮಂಪರು ತರಿಸುವ ಪ್ರೊಮೆಥಜಿನ್ ಸೇರಿಸಿ ಕೊಡುವ ಹಳೆಯ ಜೋಡಿ ಸೂಜಿಯಿಂದ ತಾಯಿಯೇ ಮಂಪರಿಗೆ ಬೀಳುತ್ತಾಳೆ. ಮಂಪರಿನಲ್ಲಿರುವ ತಾಯಿಯ ಪಕ್ಕ ಕೂಸನ್ನು ಒಂಟಿಯಾಗಿ ಮಲಗಿಸುವುದೂ ಅಪಾಯ.

ಕೂಸು ಹೇಗಿದ್ದರೆ ಹೆದರಬೇಕು ಎಂಬುದನ್ನು ಮನೆಯವರು ತಿಳಿದಿರಬೇಕು. ಹೊಸ ಕೂಸು ನಿದ್ದೆ ಮಾಡುವುದು ಸಹಜ. ಆದರೆ ಎಬ್ಬಿಸಿದರೂ ಏಳದೆ, ಮೊಲೆ ಬಾಯಿಗಿಟ್ಟರೂ ಚೀಪದೆ, ಮೈ ಸೋತು ಜೋಲು ಬಿದ್ದು, ಉಸಿರು ನಿಧಾನವಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ತಾಯಿಗೆ ಯಾವ ಮದ್ದು ನಡೆಯುತ್ತಿದೆ ಎಂಬ ಚೀಟಿಯೂ ಕೈಯಲ್ಲಿರಬೇಕು. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ ಮಕ್ಕಳಲ್ಲಿ ಈ ಎಚ್ಚರ ದುಪ್ಪಟ್ಟಾಗಬೇಕು.

ಗುಳಿಗೆಗಳೂ ಎಲ್ಲರಿಗೂ ಒಂದೇ ಅಳತೆಯಲ್ಲ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ 1 ಗ್ರಾಂನಂತೆ ಆರು ಗಂಟೆಗೊಮ್ಮೆ ಕೊಡುವುದುಂಟು. ಆದರೆ ಐವತ್ತು ಕೆ.ಜಿ. ಕೂಡ ತೂಗದ, ರಕ್ತಹೀನತೆಯಿಂದ ಬಳಲಿದ ಬಾಣಂತಿಯರು ನಮ್ಮಲ್ಲಿ ಬಹಳ, ಅವರಿಗೆ ತೂಕ ನೋಡಿ ಪ್ರಮಾಣ ಇಳಿಸಬೇಕು. ತೀವ್ರ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಅತಿಯಾದ ರಕ್ತಸ್ರಾವ ಇದ್ದವರಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಹೊಂದದಿರಬಹುದು. ಇದನ್ನು ನಿರ್ಧರಿಸಬೇಕಾದವರು ವೈದ್ಯರು. ಔಷಧ ಅಂಗಡಿಯ ಹುಡುಗನೂ ಅಲ್ಲ, ಈ ಲೇಖನವೂ ಅಲ್ಲ.

ನೋವು ಹಾಲಿಗೆ ಮಾಡುವುದೇನು?

ಕೂಸು ಮೊಲೆ ಚೀಪಿದಾಗ ಆ ಸುದ್ದಿ ನರಗಳ ಮೂಲಕ ತಾಯಿಯ ಮಿದುಳಿಗೆ ಮುಟ್ಟುತ್ತದೆ. ಅಲ್ಲಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಟು ಮೊಲೆಯೊಳಗಿನ ಸಣ್ಣ ಸ್ನಾಯುಗಳನ್ನು ಹಿಂಡುತ್ತದೆ, ಹಾಲು ಇಳಿಯುತ್ತದೆ. ತಾಯಿ ನೋವಿನಲ್ಲಿ, ಭಯದಲ್ಲಿ, ದಣಿವಿನಲ್ಲಿ ಇದ್ದರೆ ಅಡ್ರಿನಲಿನ್ ಏರಿ ಈ ಕೆಲಸಕ್ಕೆ ತಡೆಯೊಡ್ಡುತ್ತದೆ. ಹಾಲು ಇದ್ದರೂ ಇಳಿಯುವುದಿಲ್ಲ. ಇಳಿಯದ ಹಾಲಿಗಾಗಿ ಚೀಪಿ ಚೀಪಿ ಕೂಸು ಅಳುತ್ತದೆ, ಅಳು ಕೇಳಿ ಡಬ್ಬಿ ಹಾಲು ಬರುತ್ತದೆ, ಡಬ್ಬಿ ಹಾಲು ಕುಡಿದ ಕೂಸು ಮುಂದಿನ ಎರಡು ಮೂರು ತಾಸು ಮೊಲೆ ಕೇಳುವುದಿಲ್ಲ. ಚೀಪದಿದ್ದರೆ ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನಿಗೂ ಹುರುಪು ಸಿಗುವುದಿಲ್ಲ. ‘ಹಾಲೇ ಇಲ್ಲ’ ಎಂಬ ತೀರ್ಪು ಹೀಗೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ.

ಹೊಲಿಗೆಯ ನೋವಿನ ಜೊತೆಗೆ ಇನ್ನೊಂದು ನೋವಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಮೊಲೆಯಲ್ಲಿ ಹಾಲಿಳಿಸುವ ಆಕ್ಸಿಟೋಸಿನ್ ಗರ್ಭಕೋಶವನ್ನೂ ಕುಗ್ಗಿಸುತ್ತದೆ. ಒಳ್ಳೆಯದೇ, ರಕ್ತಸ್ರಾವ ತಗ್ಗುತ್ತದೆ. ಆದರೆ ಈಗಷ್ಟೇ ಕೊಯ್ದು ಹೊಲಿದ ಗರ್ಭಕೋಶ ಕುಗ್ಗುವಾಗ ಹೊಟ್ಟೆ ಹಿಂಡಿ ಬರುತ್ತದೆ. ಎರಡನೆಯ, ಮೂರನೆಯ ಹೆರಿಗೆಯವರಿಗೆ ಇನ್ನೂ ಜೋರು. ಅಂದರೆ ಕೂಸು ಮೊಲೆ ಹಿಡಿದಾಗಲೆಲ್ಲ ನೋವು ಏರುತ್ತದೆ. ಹಾಲುಣಿಸುವುದೆಂದರೆ ನೋವು ಎಂದು ಮೈ ಕಲಿತುಕೊಂಡರೆ, ಕೂಸನ್ನು ಕೊಟ್ಟಾಗ ಬಾಣಂತಿ ‘ಇರಲಿ, ಆಮೇಲೆ’ ಎನ್ನುತ್ತಾಳೆ. ಅವಳನ್ನು ಸೋಮಾರಿ ಎನ್ನುವ ನಾಲಿಗೆಗಳು ಆ ಕೋಣೆಯಲ್ಲೇ ಇರುತ್ತವೆ.

ಅವಳ ಕೆಲಸ ಎಷ್ಟು ಕಷ್ಟದ್ದು ಎಂಬುದನ್ನು ಹತ್ತಿರದಿಂದ ನೋಡಬೇಕು. ಮಗ್ಗುಲಿಗೆ ಹೊರಳಲು ಮೊಣಕಾಲು ಮಡಚಬೇಕು, ಮೊಣಕೈ ಊರಬೇಕು, ಹೊಟ್ಟೆ ಬಿಗಿ ಹಿಡಿಯಬೇಕು. ಒಂದು ಕೈಗೆ ಸಲೈನ್ ಸೂಜಿ, ಕೆಳಗೆ ಮೂತ್ರದ ನಳಿಕೆ, ಕಬ್ಬಿಣದ ಮಂಚದ ನಡುವೆ ತಗ್ಗಾದ ಹಾಸಿಗೆ. ಹೊರಳುವಾಗ ಉಸಿರು ಕಟ್ಟುತ್ತದೆ, ಕೆಮ್ಮು ಬಂದರೆ ಹೊಲಿಗೆ ಕಿತ್ತುಬಂದಂತೆ ಆಗುತ್ತದೆ. ಅದಾದ ಮೇಲೆ ಆ ಸೂಜಿ ಚುಚ್ಚಿದ ಕೈಯಿಂದಲೇ ಕೂಸಿನ ಕುತ್ತಿಗೆ ಹಿಡಿದು ಎದೆಗೆ ಒತ್ತಬೇಕು. ದಿನಕ್ಕೆ ಎಂಟರಿಂದ ಹನ್ನೆರಡು ಸಲ. ಮಂಡಿ ಚಿಪ್ಪಿನ ಶಸ್ತ್ರಚಿಕಿತ್ಸೆ ಆದವರಿಗೆ ನಾವು ಹಾಸಿಗೆಯಲ್ಲೇ ಚಹಾ ಕೊಡುತ್ತೇವೆ. ಹೊಟ್ಟೆ ಕೊಯ್ದವಳಿಂದ ಆ ದಿನವೇ ಇನ್ನೊಂದು ಜೀವವನ್ನು ಸಾಕುವ ಕೆಲಸ ಬಯಸುತ್ತೇವೆ, ಅದೂ ನೋವಿನ ಗುಳಿಗೆ ಬೇಡವೆನ್ನುತ್ತ.

ನೋವು ಇಳಿಸಿದರೆ ಹಾಲು ಹೆಚ್ಚುತ್ತದೆಯೇ? 1996ರಲ್ಲಿ ಜಪಾನಿನಿಂದ ಬಂದ ಒಂದು ಸಣ್ಣ ಅಧ್ಯಯನದಲ್ಲಿ, ಸಿಸೇರಿಯನ್ ನಂತರ ಎಪಿಡ್ಯೂರಲ್ ನಳಿಕೆಯ (ಬೆನ್ನಿನಲ್ಲಿ, ಬೆನ್ನುಹುರಿಯ ಪೊರೆಯ ಹೊರಗೆ ಇಡುವ ಸಪೂರ ನಳಿಕೆ) ಮೂಲಕ ಬುಪಿವಕೇನನ್ನು ಸತತವಾಗಿ ಪಡೆದು ನೋವು ಕಡಿಮೆಯಾಗಿದ್ದ ತಾಯಂದಿರು ಹೆಚ್ಚು ಹಾಲುಣಿಸಿದರು, ಅವರ ಮಕ್ಕಳ ತೂಕವೂ ಹೆಚ್ಚು ಏರಿತು. ಸಣ್ಣ ಅಧ್ಯಯನವೊಂದರ ಮೇಲೆ ಎಲ್ಲ ಭಾರ ಹಾಕುವುದು ಸರಿಯಲ್ಲ. ಹೆರಿಗೆ ನೋವಿಗೆ ಕೊಡುವ ಎಪಿಡ್ಯೂರಲ್ ಬಗ್ಗೆಯೂ ಹೀಗೇ ಎರಡು ಮಾತಿವೆ: ಅದರಲ್ಲಿ ಅಫೀಮಿನ ವರ್ಗದ ಫೆಂಟನಿಲ್ ಹೆಚ್ಚು ಕೊಟ್ಟರೆ ಮುಂದೆ ಹಾಲುಣಿಸುವುದು ಬೇಗ ನಿಲ್ಲಬಹುದೆಂದು 2005ರ ಒಂದು ಪ್ರಯೋಗ ತೋರಿಸಿತು, 2017ರಲ್ಲಿ ಬಂದ, ಅದಕ್ಕಿಂತ ದೊಡ್ಡ ಪ್ರಯೋಗದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಹೆಚ್ಚು ಭರವಸೆ ಕೊಡುವುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆ. ಸಿಸೇರಿಯನ್ ಆದವರಲ್ಲಿ ಹಾಲುಣಿಸಲು ಆರಂಭಿಸುವವರೇ ಕಡಿಮೆ ಎಂದು ಅದು ಕಂಡುಕೊಂಡಿತು. ಆದರೆ ಒಮ್ಮೆ ಆರಂಭಿಸಿದವರ ಮಟ್ಟಿಗೆ, ಆರು ತಿಂಗಳ ಹೊತ್ತಿಗೆ ಸಹಜ ಹೆರಿಗೆಯವರಿಗೂ ಇವರಿಗೂ ವ್ಯತ್ಯಾಸ ಉಳಿದಿರಲಿಲ್ಲ. ಸೋಲುತ್ತಿರುವುದು ಆರಂಭದಲ್ಲಿ.

‘ಎಸ್‌ಒಎಸ್’ ಎಂಬ ಮೂರಕ್ಷರ

ಆರಂಭದಲ್ಲಿ ಏಕೆ ಸೋಲುತ್ತೇವೆ ಎಂಬುದಕ್ಕೆ ಕೇಸ್ ಶೀಟಿನ ಒಂದು ಸಾಲು ನೋಡಬೇಕು. ನೋವಿನ ಮದ್ದಿನ ಮುಂದೆ ಅನೇಕ ಸಲ ‘ಎಸ್‌ಒಎಸ್’ ಎಂದು ಬರೆದಿರುತ್ತದೆ. ಅಂದರೆ ಬೇಕೆಂದರೆ ಕೊಡಿ, ಕೇಳಿದರೆ ಕೊಡಿ. ಬೆನ್ನಿನ ಸೂಜಿಯ ಪ್ರಭಾವ ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ. ಸಂಜೆ ಶಸ್ತ್ರಚಿಕಿತ್ಸೆಯಾದರೆ ನೋವು ಏರುವುದು ರಾತ್ರಿ, ಅರಿವಳಿಕೆ ತಜ್ಞರು ಹೊರಟುಹೋದ ಮೇಲೆ, ವಾರ್ಡು ತುಂಬ ಬಾಣಂತಿಯರಿಗೆ ಒಬ್ಬಿಬ್ಬರು ಸಿಸ್ಟರ್ ಇರುವ ಹೊತ್ತಿನಲ್ಲಿ. ಆಗ ಕೇಳಬೇಕಾದವಳು ಯಾರು? ‘ತಡೆದುಕೊಳ್ಳುವವಳೇ ಹೆಣ್ಣು’ ಎಂದು ಕೇಳುತ್ತ ಬೆಳೆದ, ಇಪ್ಪತ್ತರ ಆಸುಪಾಸಿನ, ಅತ್ತೆಯ ಎದುರು ಜೋರಾಗಿ ನರಳಲೂ ನಾಚುವ ಹುಡುಗಿ. ಅವಳ ಮನೆಮಾತು ಕನ್ನಡವಿರಬಹುದು, ಉರ್ದು ಇರಬಹುದು, ಚಿಂಚೋಳಿಯ ತಾಂಡಾದಿಂದ ಬಂದ ಲಂಬಾಣಿ, ಗುರುಮಠಕಲ್ ಕಡೆಯ ತೆಲುಗು, ಔರಾದ್ ಕಡೆಯ ಮರಾಠಿ ಇರಬಹುದು. ಕೇಳಿದರೆ ಮಾತ್ರ ಕೊಡುವ ಪದ್ಧತಿ ಕೇಳಲು ಬರದವರಿಗೆ ಕೊಡದಿರುವ ಪದ್ಧತಿಯೇ ಆಗಿಬಿಡುತ್ತದೆ.

ಬದಲಾಗಬೇಕಾದ ಮೊದಲ ಸಂಗತಿ ಇದೇ, ಮತ್ತು ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಯಂತ್ರವೂ ಬೇಡ. ಪ್ಯಾರಾಸಿಟಮಾಲ್ ಮತ್ತು ಹೊಂದುವವರಿಗೆ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್, ಇವೆರಡನ್ನೂ ಗಡಿಯಾರ ನೋಡಿ ಕೊಡಬೇಕು, ಮೊದಲ ಎರಡು ಮೂರು ದಿನ ತಪ್ಪದೆ. ನೋವು ಹೆಡೆ ಎತ್ತಿದ ಮೇಲೆ ಬಡಿಯುವುದಕ್ಕಿಂತ ಏಳದಂತೆ ನೋಡಿಕೊಳ್ಳುವುದಕ್ಕೆ ಕಡಿಮೆ ಮದ್ದು ಸಾಕು. ಹೀಗೆ ಮಾಡಿದರೆ ಟ್ರಮಡಾಲ್‌ನಂಥವುಗಳ ಅಗತ್ಯವೇ ತಗ್ಗುತ್ತದೆ. ಹಾಲಿಗೆ ಮದ್ದು ಇಳಿಯುವ ಚಿಂತೆ ಇರುವವರಿಗೂ ಇದೇ ಉತ್ತಮ ದಾರಿ. ಇವೆರಡೂ ದುಬಾರಿ ಮದ್ದುಗಳಲ್ಲ. 2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧ, ಏಳು ದಿನದವರೆಗಿನ ಊಟ ಎಲ್ಲವೂ ಉಚಿತ. ನೋವಿನ ಮದ್ದಿಗೆ ಹೊರಗಿನ ಚೀಟಿ ಬರೆದರೆ ಪ್ರಶ್ನಿಸುವ ಹಕ್ಕು ಮನೆಯವರಿಗಿದೆ.

ಇನ್ನೊಂದು ಉಪಾಯವೂ ಇದೆ. ಬೆನ್ನಿನ ಸೂಜಿಯ ಜೊತೆಗೇ 100ರಿಂದ 150 ಮೈಕ್ರೋಗ್ರಾಂ ಮಾರ್ಫಿನ್ ಸೇರಿಸಿದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ನೋವು ಹತೋಟಿಯಲ್ಲಿರುತ್ತದೆ. ಸ್ನಾಯುವಿಗೆ ಕೊಡುವ ಸಾಮಾನ್ಯ 10 ಮಿಲಿಗ್ರಾಂ ಸೂಜಿಯ ನೂರರಲ್ಲೊಂದು ಭಾಗದ ಆಸುಪಾಸು ಇದು, ಹಾಲಿಗೆ ಸೇರುವುದು ನಗಣ್ಯ. ತುರಿಕೆ, ವಾಕರಿಕೆ ಬರಬಹುದು. ಉಸಿರಾಟ ಗಮನಿಸಲು ಸಿಬ್ಬಂದಿ ಬೇಕು. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಮಾರ್ಫಿನ್ ಇಟ್ಟುಕೊಳ್ಳುವ ನಿಯಮಗಳು ಸರಳವಾಗಿದ್ದರೂ ಸಣ್ಣ ಆಸ್ಪತ್ರೆಗಳಲ್ಲಿ ಹಿಂಜರಿಕೆ ಹೋಗಿಲ್ಲ. ತಾಲ್ಲೂಕು ಆಸ್ಪತ್ರೆಗೆ ಇದು ನಾಳೆಯೇ ಬರಲಿ ಎಂದು ನಾನು ಹೇಳುವುದಿಲ್ಲ. ವೈದ್ಯಕೀಯ ಕಾಲೇಜುಗಳು ಇರುವಲ್ಲಿ ಇಲ್ಲದಿರಲು ಕಾರಣವಿಲ್ಲ. ಹೊಲಿಗೆ ಹಾಕುವಾಗ ಗಾಯದ ಅಂಚಿಗೆ ಸ್ಥಳೀಯ ಅರಿವಳಿಕೆ ಚುಚ್ಚುವುದಂತೂ ಯಾವ ಶಸ್ತ್ರವೈದ್ಯರಿಗೂ ಅಸಾಧ್ಯವಲ್ಲ.

ನೋವು ಎಷ್ಟಿದೆ ಎಂದು ಕೇಳುವ ರೀತಿಯೂ ಬದಲಾಗಬೇಕು. ಅಲುಗಾಡದೆ ಮಲಗಿದವಳನ್ನು ‘ನೋವಿದೆಯೇ’ ಎಂದರೆ ‘ಇಲ್ಲ’ ಎನ್ನುತ್ತಾಳೆ. ‘ಮಗ್ಗುಲಾಗಿ ಕೂಸನ್ನು ಎತ್ತಿಕೊಳ್ಳಲು ಆಗುತ್ತದೆಯೇ’ ಎಂದು ಕೇಳಬೇಕು. ಆಗುವುದಿಲ್ಲ ಎಂದರೆ ಅವಳಿಗೆ ಸಿಕ್ಕ ನೋವುನಿವಾರಕ ಸಾಲದು ಎಂದೇ ಅರ್ಥ.

ಮೇಜಿನ ಮೇಲಿನ ಮುಕ್ಕಾಲು ಗಂಟೆ

ಹೊಟ್ಟೆ ಕೊಯ್ದ ಕೆಲವೇ ನಿಮಿಷಗಳಲ್ಲಿ ಕೂಸು ಹೊರಬರುತ್ತದೆ. ಪದರ ಪದರವಾಗಿ ಹೊಲಿಯಲು ಅರ್ಧದಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ತಾಯಿ ಎಚ್ಚರವಾಗಿ ಛಾವಣಿ ನೋಡುತ್ತ ಮಲಗಿರುತ್ತಾಳೆ, ಅವಳಿಗೆ ನೋವೂ ಇರುವುದಿಲ್ಲ. ಕೂಸು ಹೊರಗೆ, ಅಜ್ಜಿಯ ಮಡಿಲಲ್ಲಿ, ಫೋನಿನ ಕ್ಯಾಮೆರಾಗಳ ಮುಂದೆ. ಅಳುತ್ತ ಆರೋಗ್ಯವಾಗಿರುವ ಕೂಸನ್ನು ಒರೆಸಿ ತಾಯಿಯ ಬರಿ ಎದೆಯ ಮೇಲೆ ಅಡ್ಡಲಾಗಿ ಮಲಗಿಸಿ ಬೆಚ್ಚಗೆ ಹೊದಿಸಿದರೆ, ಮೊದಲ ಗಂಟೆಯೊಳಗಿನ ಮೊದಲ ಹಾಲು ಅಲ್ಲೇ ಆಗಿಹೋಗುತ್ತದೆ. ನೋವು ಬರುವ ಮೊದಲೇ ಸಿಗುವ ಈ ಅವಕಾಶಕ್ಕೆ ಬದಲಿಯಿಲ್ಲ. ಬೇಕಾದದ್ದು ಒಬ್ಬ ಸಿಸ್ಟರ್, ಆ ಮುಕ್ಕಾಲು ಗಂಟೆ ಕೂಸಿನ ಮೂಗು ಮುಚ್ಚದಂತೆ, ಮೈ ತಣ್ಣಗಾಗದಂತೆ, ಉಸಿರು ಗಮನಿಸುತ್ತ ಪಕ್ಕದಲ್ಲಿ ನಿಲ್ಲಲು. ಸ್ತನ್ಯಪಾನ ಪ್ರೋತ್ಸಾಹಕ್ಕೆ ಕೇಂದ್ರ ಸರ್ಕಾರ 2016ರ ಆಗಸ್ಟ್‌ನಲ್ಲಿ ‘ಮಾ’ ಕಾರ್ಯಕ್ರಮ ತಂದಿತು, 2017ರಲ್ಲಿ ಹೆರಿಗೆ ಕೋಣೆ ಮತ್ತು ಹೆರಿಗೆ ಶಸ್ತ್ರಚಿಕಿತ್ಸಾ ಕೊಠಡಿಗಳ ಗುಣಮಟ್ಟಕ್ಕಾಗಿ ‘ಲಕ್ಷ್ಯ’ ಬಂತು. ಈ ಒಬ್ಬ ಸಿಸ್ಟರ್ ಸಿಗದಿದ್ದರೆ ಎರಡೂ ಕಡತದಲ್ಲೇ ಉಳಿಯುತ್ತವೆ.

ಬಾಣಂತಿಯ ಬಾಯಾರಿಕೆಯ ವಿಷಯವನ್ನೂ ಇಲ್ಲೇ ಹೇಳಬೇಕು. ಗ್ಯಾಸ್ ಹೋಗುವವರೆಗೆ ಹನಿ ನೀರೂ ಇಲ್ಲ ಎಂಬ ಹಳೆಯ ರೂಢಿ ಅನೇಕ ಕಡೆ ಇನ್ನೂ ಇದೆ. ತೊಡಕಿಲ್ಲದ ಸಿಸೇರಿಯನ್ ನಂತರ ಕೆಲವೇ ಗಂಟೆಗಳಲ್ಲಿ ಗುಟುಕು ಗುಟುಕಾಗಿ ಆರಂಭಿಸಬಹುದು ಎಂಬುದು ಈಗಿನ ತಿಳಿವಳಿಕೆ. ಮನೆಗೆ ಬಂದ ಮೇಲೆ ನೀರು ಕಡಿಮೆ ಕೊಡುವುದು, ಬೇಳೆ ತಿಂದರೆ ಹೊಲಿಗೆಗೆ ಕೀವು ಬರುತ್ತದೆ ಎನ್ನುವುದು ಬೇರೆ. ತೊಗರಿಗೆ ಹೆಸರಾದ ನೆಲದಲ್ಲಿ ಬಾಣಂತಿಯ ತಟ್ಟೆಯಿಂದ ಬೇಳೆಯನ್ನೇ ತೆಗೆಯುವುದು ನನಗೆ ಸಹಿಸಲಾಗದ ಸಂಗತಿ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬಾಣಂತಿ ಬಾಯಾರಿದಷ್ಟೂ ನೀರು ಕುಡಿಯಬೇಕು. ಕೂಸಿಗೆ ಮಾತ್ರ ಅದೇ ಬಿಸಿಲಿನಲ್ಲೂ ಹನಿ ನೀರು ಬೇಡ, ಹಾಲಿನಲ್ಲೇ ಅದಕ್ಕೆ ಬೇಕಾದ ನೀರಿದೆ.

ಸಿಸೇರಿಯನ್ ಆದವರಲ್ಲಿ ಹಾಲು ತುಂಬಿ ಬರುವುದು ಒಂದು ದಿನ ತಡವಾಗಬಹುದು, ಮೂರನೆಯ ದಿನವನ್ನೂ ದಾಟಬಹುದು. ಅಲ್ಲಿಯವರೆಗೆ ಬರುವ ಗಿಣ್ಣದ ಹನಿಗಳೇ ಆರೋಗ್ಯವಾದ ಕೂಸಿಗೆ ಸಾಮಾನ್ಯವಾಗಿ ಸಾಕಾಗುತ್ತವೆ. ತೂಕ ಇಳಿಯಿತು ಎಂದು ಬೆದರುವ ಮೊದಲು ಇನ್ನೊಂದು ವಿಷಯ ಗೊತ್ತಿರಲಿ: ಶಸ್ತ್ರಚಿಕಿತ್ಸೆಗೆ ಮುನ್ನ ತಾಯಿಗೆ ಏರಿಸಿದ ಸಲೈನಿನ ನೀರು ಕೂಸಿನ ಮೈಗೂ ಸೇರಿ ಹುಟ್ಟಿದಾಗಿನ ತೂಕವನ್ನು ತುಸು ಹೆಚ್ಚಿಸಿ ತೋರಿಸುತ್ತದೆ, ಮೊದಲ ದಿನ ಅದು ಮೂತ್ರವಾಗಿ ಹೋಗಿ ತೂಕ ಇಳಿದಂತೆ ಕಾಣುತ್ತದೆ. ಇಳಿಕೆ ಶೇ 10ರ ಹತ್ತಿರ ಬಂದರೆ ಮಕ್ಕಳ ವೈದ್ಯರು ನೋಡಲೇಬೇಕು. ಮನೆಯವರು ಎಣಿಸಬೇಕಾದದ್ದು ಒದ್ದೆ ಬಟ್ಟೆಗಳನ್ನು: ಐದಾರನೆಯ ದಿನಕ್ಕೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಆರು ಸಲವಾದರೂ ಮೂತ್ರ, ಕಪ್ಪು ಮಲ ಹೋಗಿ ಹಳದಿ ಬಣ್ಣಕ್ಕೆ ತಿರುಗಿದ ಮಲ. ಡಬ್ಬಿ ಹಾಲು ನಿಜವಾಗಿ ಬೇಕಾಗುವ ಮಕ್ಕಳೂ ಇದ್ದಾರೆ, ಅದನ್ನು ವೈದ್ಯರು ಕಾರಣ ಹೇಳಿ ಬರೆದುಕೊಡಲಿ. ಡಬ್ಬಿ ಹಾಲಿನ ಪ್ರಚಾರವನ್ನು 1992ರ ಕಾಯ್ದೆಯೇ ನಿಷೇಧಿಸಿದೆ. ಆಸ್ಪತ್ರೆಯ ಎದುರಿನ ಅಂಗಡಿಯವನ ಸಲಹೆಯ ಮೇಲೆ ಅದು ಬರಬಾರದು.

ಅತಿ ಕಷ್ಟದಲ್ಲಿರುವವರು ಕೂಸಿನಿಂದ ಬೇರೆಯಾದ ತಾಯಂದಿರು. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ ಕೂಸನ್ನು 108ರಲ್ಲಿ ಜಿಲ್ಲಾ ಕೇಂದ್ರದ ನವಜಾತ ಶಿಶು ಘಟಕಕ್ಕೆ ಕಳಿಸುವುದುಂಟು. ಒಂದೇ ಆಸ್ಪತ್ರೆಯಲ್ಲಿದ್ದರೂ ಘಟಕ ಬೇರೆ ಮಹಡಿಯಲ್ಲಿರುವುದುಂಟು. ಅಂಥ ತಾಯಿ ಮೊದಲ ಆರು ಗಂಟೆಯೊಳಗೇ ಕೈಯಿಂದ ಹಾಲು ಹಿಂಡಲು ಆರಂಭಿಸಬೇಕು, ಆಮೇಲೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಕುದಿಸಿದ ಸ್ಟೀಲಿನ ಬಟ್ಟಲಿಗೆ ಮೊದಲ ಸಲ ಬೀಳುವುದು ನಾಲ್ಕೈದು ಹನಿ ಇರಬಹುದು. ಅದನ್ನೂ ಒಳಲೆಯಲ್ಲಿ ಕೂಸಿಗೆ ಮುಟ್ಟಿಸಬೇಕು. ಹಿಂಡಲು ಬಾಣಂತಿ ಎದ್ದು ಕೂರಬೇಕು, ಮುಂದಕ್ಕೆ ಬಾಗಬೇಕು, ಬಳಿಕ ಗೋಡೆ ಹಿಡಿದು ಘಟಕದ ಬಾಗಿಲವರೆಗೆ ನಡೆಯಬೇಕು. ನೋವಿನ ಗುಳಿಗೆಯನ್ನು ಅದಕ್ಕೆ ಅರ್ಧ ಗಂಟೆ ಮೊದಲು ಬರುವಂತೆ ಹೊಂದಿಸಲು ಸಿಸ್ಟರ್‌ಗೆ ಹೇಳಿ, ಗುಳಿಗೆಯ ಸಮಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ತಪ್ಪಿದಾಗ ಹೋಗಿ ಕೇಳುವ ಕೆಲಸ ಜೊತೆಗಿರುವ ಗಂಡನದೋ ಅಣ್ಣನದೋ ಆಗಲಿ.